ನಡೆಯುವ ಚುಕ್ಕೆ

“ಮೇಷ್ಟ್ರೇ, ಒಂದು ಚಿತ್ರ ಇಷ್ಟು ಸ್ಪಷ್ಟವಾಗಿರುವಾಗ ಇನ್ನೊಂದಕ್ಕೆ ಯಾಕೆ ಕಾಯಬೇಕು?” ಎಂದು ಜಲಜಾಕ್ಷಿ ಕೇಳಿದಳು. ಉಪಗ್ರಹ ಕಳಿಸಿದ ಮೋಡದ ಚಿತ್ರ ಓದಲು ಕಲಿಯುತ್ತಿದ್ದವಳು. ಕಲಿಯತೊಡಗಿ ಎಂಟೇ ದಿನವಾಗಿತ್ತು. ಹವಾಮಾನ ಸಾರಲು ನಾಲಿಗೆ ಆಗಲೇ ತುರಿಸುತ್ತಿತ್ತು.

ದೂಮಪ್ಪ ಮೇಷ್ಟ್ರು ಮೀಸೆ ತಿರುವಿದರು. “ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಮೀಸೆ ನಾಳೆಗೆ ಇರುವುದಿಲ್ಲ. ಒಮ್ಮೆ ಉಪಗ್ರಹ ಕೆಟ್ಟಾಗ ನನ್ನನ್ನೇ ಮೇಲಕ್ಕೆ ಹಾರಿಸೋಣ ಎಂದು ಮಾತಾಗಿತ್ತು, ಅಂಥ ಕಣ್ಣು ನನ್ನದು. ಕೇಳು.”

ಬೆಚ್ಚಗಿನ ಕಡಲಿನಲ್ಲಿ ಒಂದು ಪುಟ್ಟ ದ್ವೀಪ. ಅಲ್ಲಿ ಏಳು ದೋಣಿ, ಮೋಡ ಓದುವವನೊಬ್ಬ. ಅವನ ಚಿತ್ರದಲ್ಲಿ ತಣ್ಣನೆಯ ಮೋಡ ಬೆಳ್ಳಗೆ, ಬಿಸಿಯಾದ ನೆಲ ಮತ್ತು ನೀರು ಕಪ್ಪಗೆ.

ಒಂದು ಬೆಳಗ್ಗೆ ಏಳೂ ದೋಣಿ ದೂರ ಕಡಲಿನಲ್ಲಿದ್ದಾಗ ಗಾಳಿ ಎದ್ದಿತು. ದೋಣಿಯವನೊಬ್ಬ ವೈರ್‌ಲೆಸ್‌ನಲ್ಲಿ ಕೇಳಿದ: “ಅಣ್ಣಾ, ಯಾವ ಕಡೆ ಓಡಲಿ? ಊರಿಗೋ, ಮೂಡಣ ಕೊಲ್ಲಿಗೋ?”

ಓದುವವನು ಚಿತ್ರ ತೆರೆದ. ದ್ವೀಪದ ಅಂಚು ತೋರಿಸುವ ಗೆರೆ ಅಂದು ಮೂಡಿರಲಿಲ್ಲ. ಕಾವಲಿಯ ಮೇಲೆ ಸುತ್ತಿಸಿ ಹರಡಿದ ದೋಸೆಯ ಹಾಗೆ ಬಿಳಿ ಮೋಡ. ನಟ್ಟನಡುವೆ ದುಂಡಗೆ ಒಂದು ಕಪ್ಪು ಚುಕ್ಕೆ. ಅವನು ಕುಣಿದೇಬಿಟ್ಟ.

“ಊರಿಗೇ ಬಾ ಮಾರಾಯ. ಸುತ್ತ ಎಷ್ಟೇ ಮೋಡವಿರಲಿ, ನಮ್ಮ ದ್ವೀಪದ ಮೇಲೆ ಆಕಾಶ ತೆರೆದುಕೊಂಡಿದೆ. ಚುಕ್ಕೆ ಕಾಣುತ್ತಾ ಇದೆ.”

ದೋಣಿಗಳು ಊರಿನತ್ತ ಮೂತಿ ತಿರುಗಿಸಿದವು.

ಅರ್ಧ ಗಂಟೆಗೆ ಮುಂದಿನ ಚಿತ್ರ ಬಂತು. ಚುಕ್ಕೆ ಉಗುರಿನಗಲ ಪಡುವಣಕ್ಕೆ ಸರಿದಿತ್ತು. ದ್ವೀಪ ನಡೆಯುವುದಿಲ್ಲ. ನಡೆಯುವುದು ಚಂಡಮಾರುತದ ಕಣ್ಣು, ಸುಳಿಯ ನಡುವಿನ ಮೋಡವಿಲ್ಲದ ತೂತು. ಅವನ ಊರು ಆ ಬಿಳಿಯ ಅಡಿಯಲ್ಲೆಲ್ಲೋ ಮುಚ್ಚಿಹೋಗಿತ್ತು. ದೋಣಿಗಳನ್ನು ಅವನು ಸುಳಿಯ ಬಾಯಿಗೇ ಕರೆದಿದ್ದ.

ಗಂಟಲು ಹರಿಯುವ ಹಾಗೆ ಕೂಗಿದ. “ತಿರುಗಿ, ಕೊಲ್ಲಿಗೆ ತಿರುಗಿ. ನಾನು ಕಂಡದ್ದು ಊರಲ್ಲ.” ಆನೆ ಗಾತ್ರದ ಅಲೆಗಳ ಬೆನ್ನೇರಿ, ಹಾಯಿ ಹರಿದು, ಇಂಜಿನ್ ಕೆಮ್ಮಿ, ಏಳು ದೋಣಿಗಳೂ ಮಧ್ಯಾಹ್ನದ ಹೊತ್ತಿಗೆ ಕೊಲ್ಲಿ ಮುಟ್ಟಿದವು.

ಜಲಜಾಕ್ಷಿ ನಕ್ಕಳು. “ಅಂತೂ ಅರ್ಧ ಗಂಟೆ ತಡವಾದರೂ ಎಲ್ಲ ಸರಿಹೋಯಿತಲ್ಲ, ಮೇಷ್ಟ್ರೇ.”

ಮೇಷ್ಟ್ರು ಅವಳ ಮುಂದಿದ್ದ ಚಿತ್ರವನ್ನು ನೋಡಿದರು.

“ಎಲ್ಲ ನಿಜ ಮಗಾ, ಕೊಲ್ಲಿ ಮುಟ್ಟಿದ್ದು ಏಳು ಎಂದೆನಲ್ಲ, ಆ ಅಂಕಿಯೊಂದು ಮಾತ್ರ ನಾನು ಕಟ್ಟಿದ್ದು.”