ಬಿಲದಲ್ಲಿ ಮಲಗದೆ ಬೊಟ್ಟಿಟ್ಟ ಯಜಮಾನ

ಮಕ್ಕಳೇ, ಕಣ್ಣು ಪೂರ್ತಿ ತೆರೆದು ಕೂರಬೇಡಿ. ಅರ್ಧ ಮುಚ್ಚಿಕೊಳ್ಳಿ. ಈ ಕತೆ ಅರೆಗಣ್ಣಿಗೇ ಚೆನ್ನಾಗಿ ಕಾಣುತ್ತದೆ.

ಕಂಡಿತೇ? ಅದೋ, ಕೆಮ್ಮಣ್ಣಿನ ದಿಬ್ಬ. ಅದರ ನೆತ್ತಿಯ ಮೇಲೆ ಒಂದು ಕಕ್ಕೆ ಮರ. ಬೇಸಿಗೆ ಬಂತೆಂದರೆ ಮೈತುಂಬ ಹಳದಿ ಹೂವಿನ ಗೊಂಚಲು ಇಳಿಬಿಟ್ಟುಕೊಂಡು, ಜಡೆ ಹಾಕಿಸಿಕೊಳ್ಳುತ್ತಲೇ ನಿದ್ದೆ ಹೋದ ಹುಡುಗಿಯ ಹಾಗೆ ತೂಗುತ್ತಿರುತ್ತದೆ. ದಿಬ್ಬದ ಹೊಟ್ಟೆಯೊಳಗೆಲ್ಲ ಬಿಲಗಳು. ಮುತ್ತಜ್ಜನ ಕಾಲದ್ದು, ಅವನಜ್ಜನ ಕಾಲದ್ದು, ಯಾರದೆಂದು ಯಾರಿಗೂ ನೆನಪಿಲ್ಲದ್ದು. ಒಂದರ ಕೆಳಗೆ ಒಂದು, ಅದರ ಕೆಳಗೆ ಇನ್ನೊಂದು.

ಅದಕ್ಕೇ ಅಲ್ಲಿ ಸಿಕ್ಕಸಿಕ್ಕವರು ನೆಲ ಕೆದರುವ ಹಾಗಿರಲಿಲ್ಲ. ಬಿಲ ಬೇಕಾದರೆ ಬಿಲ ತೋಡುವ ಕಸುಬಿನವರನ್ನೇ ಕರೆಯಬೇಕು. ಕಸುಬಿನವರ ಹಣೆಯ ಮೇಲೆ ತೋಡುವವರ ಮಂಡಳಿಯ ಯಜಮಾನರು ಇಟ್ಟ ಕೆಮ್ಮಣ್ಣಿನ ಬೊಟ್ಟು ಇರಬೇಕು. ಬೊಟ್ಟಿಲ್ಲದವನಿಗೆ ಒಂದು ಸುಂಡಿಲಿ ಕೂಡ ಕೆಲಸ ಕೊಡುತ್ತಿರಲಿಲ್ಲ.

ಬೊಟ್ಟು ಸುಮ್ಮನೆ ಸಿಗುತ್ತಿತ್ತೇ? ಹೊಸಬ ಒಂದು ಬಿಲ ತೋಡಿ ತೋರಿಸಬೇಕು. ಯಜಮಾನರು ಅದರೊಳಗೆ ಹೋಗಿ, ನೆಲಕ್ಕೆ ಕಿವಿ ಹಚ್ಚಿ, ಬೆಳಗಿನಿಂದ ಸಂಜೆಯವರೆಗೆ ಒಂದು ನಿದ್ದೆ ತೆಗೆಯಬೇಕು. ನಗಬೇಡಿ. ಆಗಷ್ಟೇ ಅಗೆಸಿಕೊಂಡ ಮಣ್ಣು ಮುನಿಸಿಕೊಂಡಿರುತ್ತದೆ, ತಕ್ಷಣ ಬಾಯಿ ಬಿಡುವುದಿಲ್ಲ. ಮಲಗಿ ಮಲಗಿ ಮೈ ಹಗುರಾಗಿ, ಎಚ್ಚರವೋ ಕನಸೋ ತಿಳಿಯದ ಹೊತ್ತಿನಲ್ಲಿ ನಮ್ಮ ಎದೆಬಡಿತ ನಮಗೇ ಕೇಳಿಸುತ್ತದೆ. ಒಂದೇ ಬಡಿತ ಕೇಳಿಸಿದರೆ ನೆಲ ಗಟ್ಟಿ. ಅದರ ಬೆನ್ನಿಗೇ ಇನ್ನೊಂದು ಬಡಿತ ಕೇಳಿಸಿದರೆ, ಕೆಳಗೆಲ್ಲೋ ಹಳೆಯ ಬಿಲ ಟೊಳ್ಳಾಗಿ ಕೂತಿದೆ ಎಂದು ಅರ್ಥ.

ಚಿಪ್ಪುಹಂದಿ ಚಿಪ್ಪವ್ವ ಎಷ್ಟೋ ವರ್ಷದಿಂದ ಯಜಮಾನಿಯಾಗಿ ಹೀಗೆ ಮಲಗಿಕೊಂಡು ಬಂದವಳು. ಎದ್ದು ಬಂದು ಮೈ ಕೊಡವಿ, "ಆಗಲ್ಲ, ಬೇರೆ ಕಡೆ ತೋಡು" ಅನ್ನುವುದೇ ಹೆಚ್ಚು.

ನಮ್ಮ ಡೊಳ್ಳಪ್ಪ ಹೆಗ್ಗಣ ಹಾಗಲ್ಲ. ಅವನೂ ಬೊಟ್ಟು ಪಡೆದ ಕಸುಬಿನವನೇ, ಕೈ ಚುರುಕು, ಮನಸ್ಸು ಬೆಣ್ಣೆ. ಆದರೆ ಅವನ ಬಾಯಿಗೆ 'ಆಗಲ್ಲ' ಎಂಬ ಮಾತೇ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ "ಆಯ್ತು ಬಿಡಪ್ಪ". ಅವರು ಹಿಗ್ಗಿ, "ಡೊಳ್ಳಪ್ಪನಂಥ ಒಳ್ಳೆಯವನಿಲ್ಲ" ಅಂದರೆ ಅವನಿಗೆ ಬಾಯಲ್ಲಿ ಬೆಲ್ಲ ಕರಗಿದ ಹಾಗೆ. ಆ ಸಿಹಿ ಚಪ್ಪರಿಸುತ್ತಲೇ ನಿದ್ದೆ ಹೋಗುತ್ತಿದ್ದ.

ಆ ವರ್ಷ ಕಕ್ಕೆ ಹೂ ಬಿಟ್ಟಿತು. ಯಜಮಾನರನ್ನು ಆರಿಸುವ ಕಾಲ ಬಂತು. ಮುಂಗುಸಿ ಚುರುಕಯ್ಯ ಮೀಸೆ ತಿರುವುತ್ತಾ ಡೊಳ್ಳಪ್ಪನ ಬಾಗಿಲಿಗೆ ಬಂದ.

"ಅಣ್ಣಾ, ಆ ಮುದುಕಿ ನನ್ನ ಬಿಲದಲ್ಲಿ ಮೂರು ಸಲ ಮಲಗಿದಳು. ಮೂರು ಸಲವೂ ಆಗಲ್ಲ ಅಂದಳು. ಪರೀಕ್ಷೆಗೆ ಬರ್ತಾಳೋ, ಪುಕ್ಕಟೆ ನಿದ್ದೆಗೆ ಬರ್ತಾಳೋ ಗೊತ್ತಿಲ್ಲ. ನೀನು ನಿಂತ್ಕೋ. ನಮ್ಮನ್ನೆಲ್ಲ ಕಾಯಿಸಬೇಡ, ಅಷ್ಟೇ."

"ಆಯ್ತು ಬಿಡಪ್ಪ" ಅಂದ ಡೊಳ್ಳಪ್ಪ.

ಹೂವಿನ ನೆರಳಲ್ಲಿ ಎಲ್ಲರೂ ಸೇರಿದರು. ಒಬ್ಬೊಬ್ಬರು ಒಂದೊಂದು ಹುಣಸೆ ಬೀಜ ತಂದು, ತಮಗೆ ಬೇಕಾದವರ ಮುಂದೆ ಇಡಬೇಕು. ಬೀಜ ಇಡುವ ಹಕ್ಕು ತೋಡುವವರಿಗೆ, ಮತ್ತು ಬೊಟ್ಟಿಗಾಗಿ ಕಾದು ಕೂತವರಿಗೆ. ಬಿಲದೊಳಗೆ ಬಾಳುವವರನ್ನು ಯಾರೂ ಕರೆದೇ ಇರಲಿಲ್ಲ. ಹಿಂದಿನಿಂದಲೂ ಹಾಗೇ.

"ಬೇಕು ಅಂದರೆ ನಿಮ್ಮ ಬಿಲಗಳಲ್ಲಿ ಮಲಗ್ತೀನಿ. ಬೇಡ ಅಂದರೆ ನನ್ನ ಮನೇಲಿ ಮಲಗ್ತೀನಿ" ಅಂದಳು ಚಿಪ್ಪವ್ವ. ಅವಳ ಭಾಷಣ ಅಷ್ಟೇ.

ಅವಳ ಮುಂದೆ ಎರಡು ಬೀಜ ಬಿದ್ದವು. ಡೊಳ್ಳಪ್ಪನ ಮುಂದೆ ಬಿದ್ದ ರಾಶಿಯ ಹಿಂದೆ ಅವನ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಅವನ ತಲೆಯ ಮೇಲೆ ಹಳದಿ ಎಸಳು ಉದುರಿದವು. ಇದು ಕನಸಾದರೆ ಯಾರೂ ಎಬ್ಬಿಸದಿರಲಿ ಅಂದುಕೊಂಡ.

ಮರುದಿನವೇ ಹೊಸ ಯಜಮಾನನ ಬಾಗಿಲಲ್ಲಿ ಸಾಲು. ಡೊಳ್ಳಪ್ಪ ಮೊದಲ ಬಿಲದಲ್ಲಿ ಮಲಗಲು ಹೊರಟ. "ಅಣ್ಣಾ, ಇನ್ನೂ ಒಂಬತ್ತು ಜನ ಇದ್ದೀವಿ, ಕಾಯಿಸಲ್ಲ ಅಂದಿದ್ದೆ" ಎಂದು ಚುರುಕಯ್ಯ ನೆನಪಿಸಿದ. ಸರಿ, ಡೊಳ್ಳಪ್ಪ ಬಿಲದ ಬಾಗಿಲಲ್ಲೇ ಬಗ್ಗಿ ಒಮ್ಮೆ ಮೂಸಿದ. "ಮಣ್ಣು ಘಮಘಮ ಅಂತಿದೆ. ಆಯ್ತು ಬಿಡಪ್ಪ." ಹಣೆಗೆ ಬೊಟ್ಟು. ಮಧ್ಯಾಹ್ನದ ಹೊತ್ತಿಗೆ ಹತ್ತು ಜನರ ಹಣೆ ಕೆಂಪಾಯಿತು. ಕೊನೆಯದು ಚುರುಕಯ್ಯನದು.

ಚಿಪ್ಪವ್ವ ದೂರದಿಂದ ನೋಡಿ, "ಲೋ ಡೊಳ್ಳಪ್ಪ, ಮೂಗಿಗೆ ಟೊಳ್ಳು ತಿಳಿಯಲ್ಲವೋ ಮಗಾ" ಅಂದಳು.

"ಎಲ್ಲರೂ ಖುಷಿಯಾಗಿದ್ದಾರಲ್ಲವ್ವ" ಅಂದ ಅವನು.

"ತೋಡಿದವರು ಖುಷಿಯಾಗಿದ್ದಾರೆ. ಮಲಗೋರನ್ನ ಕೇಳಿದೆಯಾ?"

ಎರಡು ದಿನ ಬಿಟ್ಟು ಮೊಲ ಹತ್ತಿಯಕ್ಕ ಬಂದಳು. ಹಿಂದೆ ಮೂರು ಮರಿಗಳು, ಊದಿದರೆ ಹಾರಿಹೋಗುವಂಥವು. ಚುರುಕಯ್ಯ ತೋಡಿದ ಬಿಲವನ್ನು ಅವಳು ವಾಸಕ್ಕೆ ಹಿಡಿದಿದ್ದಳು.

"ಡೊಳ್ಳಪ್ಪಣ್ಣಾ, ಮಳೆಗಾಲ ಬರ್ತಿದೆ. ಮೇವಿಗೆ ಹೋದಾಗ ಇವನ್ನ ಒಳಗೆ ಬಿಟ್ಟೇ ಹೋಗಬೇಕು. ನೀನು ಆ ಬಿಲದಲ್ಲಿ ಮಲಗಿ ನೋಡಿದೀಯ ತಾನೆ?"

ಡೊಳ್ಳಪ್ಪ ಅವಳ ಮುಖ ನೋಡಿದ. 'ಇಲ್ಲ' ಅಂದರೆ ಆ ಮುಖ ಬಾಡುತ್ತದೆ.

"ಹ್ಞೂಂ ಅಕ್ಕಾ, ಮಲಗಿದ್ದೆ" ಅಂದುಬಿಟ್ಟ.

ಅಂದಿನಿಂದ ಅವನ ಬಾಯಿಯ ಬೆಲ್ಲ ಕಹಿಯಾಯಿತು. ಮೆತ್ತನೆಯ ಹುಲ್ಲಿನ ಮೇಲೆ ಮಲಗಿದರೂ ನಿದ್ದೆ ಹತ್ತಿರ ಬಂದು, ಮೂಸಿ, ತಿರುಗಿ ಹೋಗುತ್ತಿತ್ತು. ಒಂದು ಮಧ್ಯಾಹ್ನ ಹೇಗೋ ಮಂಪರು ಹತ್ತಿತು. ದಿಬ್ಬವೆಲ್ಲ ನೀರಾಗಿ, ಅದರ ಮೇಲೆ ತಾನು ಎಲೆಯ ಹಾಗೆ ತೇಲುತ್ತಿರುವಂತೆ ಕನಸು. ನೀರಿನ ಅಡಿಯಿಂದ ಪುಟ್ಟ ಪುಟ್ಟ ಬಡಿತ. ಮೂರು. ಅವುಗಳ ಬೆನ್ನಿಗೇ ಇನ್ನೂ ಮೂರು. ಎಣಿಸಿದ, ಮತ್ತೆ ಎಣಿಸಿದ. ಆರು.

ಬೆಚ್ಚಿ ಎದ್ದ. ಹೊರಗೆ ವರ್ಷದ ಮೊದಲ ಮಳೆ ಬಿದ್ದು, ಕೆಂಪು ನೀರು ಬಾಗಿಲ ಮುಂದೆಯೇ ಹರಿಯುತ್ತಿತ್ತು.

ಡೊಳ್ಳಪ್ಪ ಓಡಿದ. ಹೊಟ್ಟೆ ನೆಲಕ್ಕೆ ಉಜ್ಜಿಕೊಂಡು, ಜಾರಿ, ಎದ್ದು ಓಡಿದ. ಚುರುಕಯ್ಯನ ಬಿಲದ ಬಾಯಿ ಅವನ ಕಣ್ಣೆದುರಿಗೇ ಕುಸಿದು ಮಣ್ಣಿನ ಬಟ್ಟಲಾಯಿತು. ಹತ್ತಿಯಕ್ಕ ಬಾಯಲ್ಲಿ ಗರಿಕೆ ಕಚ್ಚಿಕೊಂಡು ಅಲ್ಲೇ ನಿಂತಿದ್ದಳು. ಗರಿಕೆ ಕೆಳಗೆ ಬಿತ್ತು.

ಡೊಳ್ಳಪ್ಪ ಹುಚ್ಚನಂತೆ ಕೆದರತೊಡಗಿದ. ಅಷ್ಟರಲ್ಲಿ ಚಿಪ್ಪವ್ವ ಬಂದು ಅವನ ಬಾಲ ಹಿಡಿದು ಎಳೆದಳು.

"ಹೀಗೆ ಕೆದರಿದರೆ ಮೇಲಿನ ಮಣ್ಣೆಲ್ಲ ಅವುಗಳ ಮೇಲೇ ಬೀಳುತ್ತೆ. ಬಾಯಿ ಮುಚ್ಚು, ಕಿವಿ ಹಚ್ಚು."

ಇಬ್ಬರೂ ಒದ್ದೆ ನೆಲಕ್ಕೆ ಕಿವಿ ಹಚ್ಚಿ ಮಲಗಿದರು. ಮಳೆಯ ಸದ್ದು ಮೆಲ್ಲಗೆ ಹಿಂದೆ ಸರಿಯಿತು. ಆಮೇಲೆ ತಮ್ಮ ಉಸಿರು. ಆಮೇಲೆ, ಬಲಗಡೆ, ತೀರಾ ಆಳದಲ್ಲಿ, ಪುಟ್ಟ ಬಡಿತಗಳು.

"ಹಳೇ ಬಿಲಕ್ಕೆ ಜಾರಿದ್ದಾವೆ" ಎಂದು ಪಿಸುಗುಟ್ಟಿದ ಡೊಳ್ಳಪ್ಪ. "ಪಕ್ಕದಿಂದ ಹೋಗೋಣವ್ವ."

ಚಿಪ್ಪವ್ವನ ಉಗುರು, ಡೊಳ್ಳಪ್ಪನ ಹಲ್ಲು. ಪಕ್ಕದಿಂದ ಸೀಳು ತೋಡಿ ಒಂದೊಂದಾಗಿ ಎಳೆದು ತಂದರು. ಎರಡು ಮರಿ ಸೀನಿದವು. ಮೂರನೆಯದು ಎಷ್ಟು ಹೊತ್ತಾದರೂ ಮಿಸುಕಲಿಲ್ಲ. ಹತ್ತಿಯಕ್ಕ ಅದರ ಮೂಗಿನ ಮಣ್ಣು ನೆಕ್ಕಿದಳು, ನೆಕ್ಕುತ್ತಲೇ ಇದ್ದಳು. ಕೊನೆಗೆ ಅದು ನಿದ್ದೆಯಿಂದೆದ್ದ ಹಾಗೆ ಆಕಳಿಸಿತು.

ಡೊಳ್ಳಪ್ಪ ತಲೆ ತಗ್ಗಿಸಿದ. "ಅಕ್ಕಾ, ನಾನು ಮಲಗಿ ನೋಡಿರಲಿಲ್ಲ. ನಿನಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದೆ."

"ಬೇಜಾರಾಗಿದ್ದರೆ ಬೇರೆ ಮನೆ ಹುಡುಕ್ತಿದ್ದೆ, ಅಷ್ಟೇ ತಾನೆ" ಅಂದಳು ಹತ್ತಿಯಕ್ಕ. ಅವಳು ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಮಳೆ ಬಿಟ್ಟ ಮೇಲೆ ಮತ್ತೆ ಸಭೆ ಸೇರಿತು. ಈ ಸಲ ಇಲಿಗಳು, ಉಡಗಳು, ಮೊಲಗಳು, ಬಿಲದಲ್ಲಿ ಬಾಳುವವರೆಲ್ಲ ಬೀಜ ಕಚ್ಚಿಕೊಂಡು ಬಂದರು. "ಮಲಗೋರು ನಾವು, ನಾವೂ ಆರಿಸ್ತೀವಿ" ಎಂದು ಹತ್ತಿಯಕ್ಕ ಮೊದಲ ಬೀಜ ಚಿಪ್ಪವ್ವನ ಮುಂದೆ ಇಟ್ಟಳು. ಯಾರೂ ಅಡ್ಡ ಬರಲಿಲ್ಲ. ಚುರುಕಯ್ಯ ಮಾತ್ರ ಕೆಮ್ಮಿದ.

ಚಿಪ್ಪವ್ವ ಮತ್ತೆ ಯಜಮಾನಿಯಾದಳು. ಡೊಳ್ಳಪ್ಪನನ್ನು ಕರೆದು, "ನೀನಿಟ್ಟ ಹತ್ತು ಬೊಟ್ಟನ್ನೂ ಒರೆಸಿದ್ದೀನಿ. ಹತ್ತು ಜನರೂ ಹೊಸದಾಗಿ ತೋಡಲಿ. ಒಂದೊಂದರಲ್ಲೂ ಒಂದೊಂದು ದಿನ ನೀನೇ ಮಲಗು. ಕುಸಿದರೆ ಮೊದಲು ನಿನ್ನ ಮೇಲೇ ಕುಸಿಯಲಿ" ಅಂದಳು.

ಹತ್ತನೆಯ ದಿನ ಡೊಳ್ಳಪ್ಪ ಚುರುಕಯ್ಯನ ಹೊಸ ಬಿಲದಲ್ಲಿ ಮಲಗಿದ್ದ. ಒಳಗೆ ತಂಪು, ಕತ್ತಲು, ಬೇರಿನ ವಾಸನೆ. ಬಾಗಿಲಲ್ಲಿ ನಾಲ್ಕು ಸಲ ಮೀಸೆ ಇಣುಕಿ ಹೋಗಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಐದನೆಯ ಸಲ ಇಣುಕಿತು.

"ಏನಣ್ಣಾ, ಆಯ್ತಾ?"

ಡೊಳ್ಳಪ್ಪ ಕಣ್ಣು ತೆರೆಯದೆ ಇನ್ನೊಮ್ಮೆ ಆಲಿಸಿದ. ನಾಲಿಗೆ ಕಲ್ಲಿನ ಹಾಗೆ ಭಾರವಾಗಿತ್ತು. ಆದರೂ ಎತ್ತಿದ.

"ಆಗಲ್ಲ ತಮ್ಮಾ. ಎರಡು ಕೇಳಿಸ್ತಿದೆ. ಬೇರೆ ಕಡೆ ತೋಡು."

"ನೀನೂ ಆ ಮುದುಕಿ ಥರಾನೇ ಆಗ್ಬಿಟ್ಟೆ ನೋಡು" ಎಂದು ಚುರುಕಯ್ಯ ಕಾಲು ಅಪ್ಪಳಿಸಿ ಹೋದ.

ಡೊಳ್ಳಪ್ಪ ಒಳ್ಳೆಯವನೆಂದು ಆ ದಿನ ಯಾರೂ ಅನ್ನಲಿಲ್ಲ. ಅವನು ತನ್ನ ಮನೆಗೆ ಹೋಗಿ, ಮೈ ಮುದುಡಿ, ಎಷ್ಟೋ ದಿನದ ಮೇಲೆ ಕನಸೇ ಇಲ್ಲದ ನಿದ್ದೆ ಮಾಡಿದ.

ನೀತಿ: ಎಲ್ಲರಿಗೂ 'ಆಯ್ತು' ಅನ್ನುವವನನ್ನಲ್ಲ, ಪರೀಕ್ಷಿಸಿ 'ಆಗಲ್ಲ' ಎನ್ನಬಲ್ಲವನನ್ನು ಯಜಮಾನನಾಗಿ ಆರಿಸಬೇಕು, ಆರಿಸುವಾಗ ಆ ಕೆಲಸವನ್ನು ನಂಬಿ ಬಾಳುವವರ ಮಾತನ್ನೂ ಕೇಳಬೇಕು.