ಪುಡಿ ಒರೆಸಿದ ಕೇರಂ ಬೋರ್ಡು

ಪುರಸಭೆಯ ಹಳೇ ಡೀಸೆಲ್ ಎಂಜಿನ್ ನೀರೆತ್ತದಿದ್ದರೆ ಬಾಯಾರುವವರು ಕೆಳಗೇರಿಯವರು. ಹೊಸ ಎಂಜಿನಿಯರ್ ಸಾಹೇಬರ ಮನೆಯಲ್ಲಿ ಬೋರ್‌ವೆಲ್ ಇದೆ.

ಸಾಹೇಬರು ಪಂಪ್‌ಹೌಸಿಗೆ ಬಂದಾಗ ಎಂಜಿನ್ ನಡೆಸುವ ದುರುಗಪ್ಪ ಡೀಸೆಲ್‌ಗೆ ಡಬ್ಬಿಯಿಂದ ಒಂದಿಷ್ಟು ಎಣ್ಣೆ ಬೆರೆಸುತ್ತಿದ್ದ.

"ಈಗಿನ ಡೀಸೆಲ್‌ನಿಂದ ಗಂಧಕ ತೆಗೆದು ಶುದ್ಧ ಮಾಡಿದ್ದಾರೆ. ಅದಕ್ಕೆ ಕೊಳೆ ಸೇರಿಸ್ತೀಯಾ? ಇನ್ನೊಮ್ಮೆ ಕಂಡರೆ ಕೆಲಸದಿಂದ ತೆಗೀತೀನಿ."

"ಗಂಧಕದ ಜೋಡಿ ಜಾರೋ ಗುಣಾನೂ ಹೋಗೇತ್ರಿ. ಈ ಎಣ್ಣೆ ಇಲ್ಲಂದ್ರ ಹಳೇ ಎಂಜಿನ್ ಒಣಗಿ ಸವೀತೈತ್ರಿ."

"ನನಗೇ ಪಾಠ ಹೇಳಬೇಡ."

ಮಧ್ಯಾಹ್ನ ಸಾಹೇಬರು ಕಚೇರಿಯಲ್ಲಿ ಕೇರಂ ಆಡಲು ಕುಳಿತರು. ಹೊಡೆದ ಸ್ಟ್ರೈಕರ್ ಅರ್ಧ ದಾರಿಗೇ ನಿಂತಿತು. ಮತ್ತೆ ಹೊಡೆದರು. ಬೆರಳು ನೋಯಿತು, ಕಾಯಿ ಅಲುಗಲಿಲ್ಲ.

"ಪುಡಿ ಎಲ್ಲಿ?"

"ಕೊಳೆ ಅಂತ ನಾನೇ ಒರೆಸೀನ್ರಿ ಸಾಹೇಬ್ರ," ಎಂದ ಬಾಗಿಲಲ್ಲಿ ನಿಂತಿದ್ದ ದುರುಗಪ್ಪ. "ಬೋರ್ಡು ಈಗ ಶುದ್ಧ ಐತಿ."

ಸಾಹೇಬರು ಬೋರ್ಡಿನ ಮೇಲೆ ಬೆರಳಾಡಿಸಿ ನೋಡಿದರು. ಇನ್ನೊಮ್ಮೆ ಆಡಿಸಿದರು. ಕಿವಿ ಕೆಂಪಾಯಿತು.

"ಆ ಎಣ್ಣೆ ಎಷ್ಟು ಹಾಕಬೇಕೋ?"

"ಡಬ್ಬಿ ಮ್ಯಾಲೆ ಬರೆದಷ್ಟೇ ರೀ."

"ಹಾಕು ಹೋಗು. ಮೊದಲು ಇಲ್ಲಿ ಪುಡಿ ಹಾಕು."

"ಮೊದಲು ಕೆಳಗೇರಿಗೆ ನೀರು ಬಿಟ್ಟು ಬರ್ತೀನ್ರಿ," ಎಂದು ದುರುಗಪ್ಪ ಹೊರಟ. "ಅಲ್ಲೀತನಕ ಶುದ್ಧ ಬೋರ್ಡಿನ ಮ್ಯಾಲೇ ಆಡ್ರಿ."