ಮೊದಲ ತುತ್ತು ಅಜ್ಜನಿಗೆ

ಮಗುವಿಗೆ ಉಣಿಸುವ ಮುಂಚೆ ಮೊದಲ ತುತ್ತನ್ನು ತಾನೇ ತಿಂದು ನೋಡುವುದು ಆಯಾಳ ಅಭ್ಯಾಸ. "ಸುಟ್ರೆ ನನ್ನ ನಾಲಿಗೆ ಸುಡ್ಲಿ" ಅನ್ನುತ್ತಿದ್ದಳು.

ಮನೆಗೆ ಪಿಯಾನೊ ಬಂತು. ಮೊಮ್ಮಗಳು ನಿಯತಿಗೆ ಕಲಿಸಲು ರಿಟೈರ್ಡ್ ಜಡ್ಜ್ ಸಾಹೇಬರು ಭಾರಿ ಶಿಸ್ತಿನ ಮೇಷ್ಟ್ರನ್ನು ಕರೆಸಿದರು. ಅವರ ಕೈಯಲ್ಲಿದ್ದ ರೂಲರ್ ಕಂಡದ್ದೇ ನಿಯತಿ ಪಿಯಾನೊ ಕೆಳಗೆ ಸೇರಿಕೊಂಡಳು.

"ಅವಳನ್ನ ಈಚೆ ಎಳಿ. ಆಗಲ್ವಾ, ಕೆಲಸ ಬಿಟ್ಟು ಹೊರಡು," ಎಂದು ಸಾಹೇಬರು ಆಯಾಳ ಮೇಲೆ ಗುಡುಗಿದರು.

"ಎಳೀತೀನಿ ಬುದ್ಧಿ. ಆದ್ರೆ ಮೊದಲ ತುತ್ತು ದೊಡ್ಡೋರು ನೋಡ್ಬೇಕಲ್ವಾ? ಒಂದು ಪಾಠ ನೀವೇ ಕಲಿತು ನೋಡಿ."

ಸಾಹೇಬರು ಗತ್ತಿನಿಂದ ಕೂತರು. ತಪ್ಪು ಕೀ ಒತ್ತಿದರು. ಅಭ್ಯಾಸಬಲದಿಂದ ಮೇಷ್ಟ್ರ ರೂಲರ್ ಬೆರಳ ಮೇಲೆ ಬಿತ್ತು.

"ಯಾರಿಗೆ ಹೊಡೀತಿದ್ದೀರಿ ಗೊತ್ತೇನ್ರೀ?"

ಮೇಷ್ಟ್ರು ಚಪ್ಪಲಿ ಹುಡುಕಿಕೊಂಡು ಹೊರಟರು.

"ಬಿಸಿ ಇತ್ತಾ ಬುದ್ಧಿ?" ಎಂದಳು ಆಯಾ.

ಚರ್ಚಿನಲ್ಲಿ ಪಿಯಾನೊ ನುಡಿಸುವ ಎವಂಜಲಿನ್ ಟೀಚರ್ ಮರುದಿನ ಮನೆಗೆ ಬಂದರು. ನಿಯತಿ ಮತ್ತೆ ಪಿಯಾನೊ ಕೆಳಗೆ ಸೇರಿದಳು. ಈ ಸಲವೂ ಮೊದಲು ಕೂತ ಸಾಹೇಬರು ತಪ್ಪು ಕೀ ಒತ್ತಿದರು. ಟೀಚರ್ ನಕ್ಕುಬಿಟ್ಟರು. "ನಾನೂ ಇಲ್ಲೇ ತಪ್ತಿದ್ದೆ ಸರ್. ಇನ್ನೊಂದ್ಸಲ."

ಪಿಯಾನೊ ಕೆಳಗಿನಿಂದಲೂ ನಗು ಕೇಳಿಸಿತು. ಆಮೇಲೆ ಒಂದು ತಲೆ ಹೊರಬಂತು. ನಿಯತಿ ಅಜ್ಜನನ್ನು ಪಕ್ಕಕ್ಕೆ ತಳ್ಳಿ ತಾನೇ ಕೂತಳು. ಎಷ್ಟು ಹೊತ್ತಾದರೂ ಏಳಲಿಲ್ಲ.

ಸಾಹೇಬರು ಬೆರಳು ಆಡಿಸುತ್ತಾ ಅಲ್ಲೇ ನಿಂತಿದ್ದರು.

"ಪುಟ್ಟೀ, ನನಗೂ ಒಂದ್ಸಲ ಬಿಡಮ್ಮಾ."